ಅಂಗಳದ ತನಕ ಅಪ್ಪಣೆ

ಬೇಲೂರಿನ ಚೆನ್ನಕೇಶವನಿಗೂ ಮೆಟ್ಟು ಬೇಕಾಗುತ್ತಿತ್ತು. ದೇವಿ ಇರುವುದು ಬಾಬಾಬುಡನ್ ಗಿರಿಯ ಮೇಲೆ, ದೇವರು ಇರುವುದು ಬೇಲೂರಿನ ಗುಡಿಯಲ್ಲಿ. ಆಗಾಗ ಬೆಟ್ಟಕ್ಕೆ ನಡೆದು ಹೋಗಿ ಬರಬೇಕು. ಮೆಟ್ಟು ಸವೆದಾಗ ಚನ್ನಗಿರಿ, ಬಸವಾಪಟ್ಟಣದ ಮಾದಿಗರಿಗೆ ಕನಸು ಬೀಳುತ್ತಿತ್ತಂತೆ. ಅವರು ದೊಡ್ಡದೊಂದು ಜೊತೆ ಹೊಲಿದು ಬೇಲೂರಿಗೆ ಹೊತ್ತು ತರಬೇಕು. ಅದನ್ನು ಒಪ್ಪಿಸುವುದಕ್ಕೆ ಗುಡಿಯ ಅಂಗಳದೊಳಗೆ ಕಾಲಿಡಲು ಅವರಿಗೆ ಅಪ್ಪಣೆ ಇತ್ತು. ಲೂಯಿ ರೈಸ್ ತನ್ನ ಮೈಸೂರು ಗೆಜೆಟಿಯರಿನಲ್ಲಿ ಇದನ್ನು ಬರೆದಿಟ್ಟಿದ್ದಾನೆ.

ಕೇಳುವವರಿಗೆ ಕತೆ ಚೆನ್ನಾಗಿದೆ. ನಾವು ಮಾತ್ರ ಇದನ್ನು ಕಾನೂನಿನ ಪುಸ್ತಕ ಓದಿದ ಹಾಗೆ ಓದಬೇಕಾಗಿದೆ. ಇಲ್ಲಿ ಕೆಲಸವನ್ನು ಒಳಗೆ ಬಿಡುತ್ತಾರೆ, ಕೆಲಸ ಮಾಡಿದವನನ್ನು ಬಿಡುವುದಿಲ್ಲ. ಎಲ್ಲಿಯ ತನಕ? ಅಂಗಳದ ತನಕ. ಎಷ್ಟು ಹೊತ್ತು? ಮೆಟ್ಟು ಇಟ್ಟು ಬರುವಷ್ಟು ಹೊತ್ತು. ಬೇಲೂರಿನಲ್ಲಿ, ಮೇಲುಕೋಟೆಯಲ್ಲಿ ವರ್ಷಕ್ಕೊಮ್ಮೆ ಗೊತ್ತು ಮಾಡಿದ ದಿನಗಳಲ್ಲಿ ಹೊಲೆಯ ಮಾದಿಗರನ್ನು ಒಳಗೆ ಬಿಡುವ ಪದ್ಧತಿಯೂ ಇತ್ತು. ದಿನ ಮುಗಿಯಿತು, ಬಾಗಿಲು ಮುಚ್ಚಿತು. ಇದನ್ನು ರಾಮಾನುಜಾಚಾರ್ಯರ ಔದಾರ್ಯ ಅಂತ ಪಾಠ ಹೇಳುವ ಮೇಷ್ಟ್ರುಗಳು ಇನ್ನೂ ಇದ್ದಾರೆ. ಇರಲಿ. ದಿನ ಎಣಿಸಿ ಕೊಟ್ಟ ಅಪ್ಪಣೆ ಹಕ್ಕಾಗುವುದಿಲ್ಲ ಅನ್ನುವುದು ನಮ್ಮ ಹಿರಿಯರಿಗೆ ಯಾರೂ ಹೇಳಿಕೊಡದೆ ಗೊತ್ತಿದ್ದ ಮಾತು.

ಈ ಹಳೇ ಸಂಗತಿಯನ್ನು ಈಗ ಯಾಕೆ ಎತ್ತಿದ್ದೇವೆ ಅಂದರೆ, ನಮ್ಮ ಕೇರಿಗಳ ಹುಡುಗ ಹುಡುಗಿಯರು ಇಂಗ್ಲೆಂಡು, ಅಮೆರಿಕ, ಆಸ್ಟ್ರೇಲಿಯಾ ಅಂತ ಅರ್ಜಿ ಹಾಕುವ ಕಾಲ ಬಂದಿದೆ. ಹಾಸ್ಟೆಲಿನಲ್ಲಿ ಓದಿ, ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲು ಹತ್ತಿ ಬೆಂಗಳೂರು ಸೇರಿದವರು ಈಗ ಸಮುದ್ರದಾಚೆ ನೋಡುತ್ತಿದ್ದಾರೆ. ಅವರು ಕೇಳುವ ಮೊದಲ ಪ್ರಶ್ನೆ ಯಾವ ವಿಶ್ವವಿದ್ಯಾಲಯ ಅಂತಲ್ಲ. ಓದು ಮುಗಿದ ಮೇಲೆ ಅಲ್ಲಿ ಕೆಲಸ ಮಾಡಲು ಎಷ್ಟು ತಿಂಗಳು ಬಿಡುತ್ತಾರೆ? ಪೇಪರಿನವರು ಇದನ್ನು ವೀಸಾ ಸುದ್ದಿ ಅಂತ ಮೂಲೆಯಲ್ಲಿ ಹಾಕುತ್ತಾರೆ. ಇದಕ್ಕೆ ಒಂದು ಚರಿತ್ರೆ ಇದೆ, ಆ ಚರಿತ್ರೆಯಲ್ಲಿ ನಮ್ಮವರೂ ಇದ್ದಾರೆ.

ದುಡಿಯಲು ಊರು ಬಿಟ್ಟು ಬರುವುದು ಈ ಸೀಮೆಗೆ ಹೊಸದಲ್ಲ. 1117ರಲ್ಲಿ ವಿಷ್ಣುವರ್ಧನ ಬೇಲೂರಿನ ಗುಡಿ ಪ್ರತಿಷ್ಠೆ ಮಾಡಿಸಿದ. ಆ ಗುಡಿಗೆ ಕಲ್ಲು ಕಡೆದವರಲ್ಲಿ ಬಳ್ಳಿಗಾವೆಯಿಂದ ಬಂದ ದಾಸೋಜ, ಅವನ ಮಗ ಚಾವಣ ಇದ್ದರು. ಪರಸ್ಥಳದವರು. ತಮ್ಮ ಹೆಸರು, ಊರು, ಬಿರುದು ಎಲ್ಲ ವಿಗ್ರಹದ ಪೀಠದ ಮೇಲೆ ಕೊರೆದು ಹೋದರು. ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೋ ಪಟ್ಟಿ ಸೇರಿದ ಮೇಲೆ ಆ ಸಹಿಗಳನ್ನು ಜಗತ್ತೇ ಬಂದು ನೋಡುತ್ತಿದೆ. ದೇವರಿಗೆ ಮೆಟ್ಟು ಹೊಲಿದವನ ಸಹಿ ಎಲ್ಲಿದೆ ಅಂತ ನೀವು ನಮ್ಮನ್ನು ಕೇಳಬೇಡಿ. ಚರ್ಮದ ಮೇಲೆ ಸಹಿ ನಿಲ್ಲುವುದಿಲ್ಲ.

ಆಮೇಲೆ ಕಾಫಿ ಬಂತು. ಬೇಲೂರಿನ ಪಡುವಣ ದಿಕ್ಕಿನಿಂದ ಮಂಜರಾಬಾದಿನ ತನಕ ಕಾಡು ಕಡಿದು ತೋಟ ಹಾಕಿದರು. ಬಯಲುಸೀಮೆಯ ಆಳುಗಳು ಮೇಸ್ತ್ರಿಯ ಕೈಯಿಂದ ಮುಂಗಡ ಇಸಕೊಂಡು ಗಟ್ಟ ಹತ್ತಿದರು. ದಕ್ಷಿಣದ ತೋಟದ ದೊರೆಗಳ ಕೈಯಲ್ಲಿ ಒಂದು ಕಾನೂನು ಇತ್ತು, 1859ರ 13ನೇ ಆಕ್ಟು. ಮುಂಗಡ ತಗೊಂಡ ಆಳು ಕೆಲಸ ಬಿಟ್ಟು ಹೋದರೆ ಮ್ಯಾಜಿಸ್ಟ್ರೇಟನ ಮುಂದೆ ನಿಲ್ಲಿಸಬಹುದು. ಹಣ ವಾಪಸು ಕೊಡು, ಇಲ್ಲ ಕೆಲಸ ಮಾಡು, ಎರಡೂ ಆಗದಿದ್ದರೆ ಮೂರು ತಿಂಗಳ ತನಕ ಜೈಲು. ಸಾಲ ಸಿವಿಲ್ ವ್ಯವಹಾರ ಅನ್ನುತ್ತಾರಲ್ಲ, ಅದು ಸಾಹುಕಾರರ ಸಾಲಕ್ಕೆ. ಕೂಲಿಯವನ ಸಾಲ ಅಪರಾಧ. 1925ರಲ್ಲಿ ಅದನ್ನು ರದ್ದು ಮಾಡುವ ಕಾನೂನು ಆಗುವ ತನಕ ಇದೇ ನಡೆಯಿತು. ಗುಡಿ ಕೊಟ್ಟದ್ದು ಒಳಗೆ ಬರುವ ಅಪ್ಪಣೆ. ತೋಟದ ಆಳಿಗೆ ಬೇಕಾದದ್ದು ಹೊರಗೆ ಹೋಗುವ ಅಪ್ಪಣೆ.

ಈಗ 1913ಕ್ಕೆ ಬನ್ನಿ. ಆ ವರ್ಷದ ಜುಲೈಯಲ್ಲಿ ಹಿಂದೂಸ್ಥಾನದ ಇಬ್ಬರು ಯುವಕರು ಅಮೆರಿಕದ ನೆಲ ಮುಟ್ಟಿದರು. ಒಬ್ಬ ಪೂರ್ವದ ಕರಾವಳಿ ನ್ಯೂಯಾರ್ಕಿನಲ್ಲಿ, ಇನ್ನೊಬ್ಬ ಪಶ್ಚಿಮದ ಕರಾವಳಿ ಸಿಯಾಟಲಿನಲ್ಲಿ. ನ್ಯೂಯಾರ್ಕಿನಲ್ಲಿ ಇಳಿದವರು ಭೀಮರಾವ್ ಅಂಬೇಡ್ಕರ್. ಸಿಯಾಟಲಿನಲ್ಲಿ ಇಳಿದವನು ಪಂಜಾಬಿನ ಭಗತ್ ಸಿಂಗ್ ತಿಂಡ್. (ಹುತಾತ್ಮ ಭಗತ್ ಸಿಂಗ್ ಅಲ್ಲ, ಬೇರೆಯವನು.) ಇಬ್ಬರೂ ಓದುವುದಕ್ಕೆ ಹೋದವರೇ.

ಬಾಬಾಸಾಹೇಬರು ಬರೋಡಾ ಮಹಾರಾಜ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನದಲ್ಲಿ ಹೋದರು. ತಿಂಗಳಿಗೆ ಹನ್ನೊಂದೂವರೆ ಪೌಂಡು, ಮೂರು ವರ್ಷ. ಓದು ಮುಗಿಸಿ ಬಂದು ಹತ್ತು ವರ್ಷ ಬರೋಡಾ ಸಂಸ್ಥಾನದ ನೌಕರಿ ಮಾಡುತ್ತೇನೆ ಅಂತ ಕರಾರಿಗೆ ಸಹಿ ಹಾಕಿದ್ದರು. ಕೊಲಂಬಿಯಾದಲ್ಲಿ ಓದಿದರು, 1916ರಲ್ಲಿ ಲಂಡನ್ನಿಗೆ ದಾಟಿದರು. ವೇತನದ ಗಡುವು ಮುಗಿಯಿತು. ಅರ್ಧ ಓದು ಬಿಟ್ಟು 1917ರ ಆಗಸ್ಟಿನಲ್ಲಿ ಬೊಂಬಾಯಿಗೆ ಬಂದಿಳಿದರು. ಕರಾರಿನಂತೆ ಬರೋಡಾಕ್ಕೆ ಹೋದರು.

ಅಲ್ಲಿ ಏನಾಯಿತು? ಕೆಲಸಕ್ಕೆ ಮಹಾರಾಜರ ಹುಕುಂ ಇತ್ತು. ಮಲಗಲು ಜಾಗ ಇರಲಿಲ್ಲ. ಹಿಂದೂ ಹೋಟೆಲಿನಲ್ಲಿ ಸೇರಿಸುವುದಿಲ್ಲ. ಪಾರ್ಸಿಗಳ ಛತ್ರದಲ್ಲಿ ಪಾರ್ಸಿ ಹೆಸರು ಬರೆಸಿ ದಿನಕ್ಕೆ ಒಂದೂವರೆ ರೂಪಾಯಿ ಕೊಟ್ಟು ಉಳಿದರು. ಹನ್ನೊಂದನೇ ದಿನ ದೊಣ್ಣೆ ಹಿಡಿದ ಹತ್ತು ಹನ್ನೆರಡು ಪಾರ್ಸಿಗಳು ಬಾಗಿಲಿಗೆ ಬಂದರು. ಸಂಜೆಯೊಳಗೆ ಜಾಗ ಖಾಲಿ ಮಾಡು ಅಂದರು. ಒಬ್ಬ ಹಿಂದೂ ಗೆಳೆಯ, ಒಬ್ಬ ಕ್ರೈಸ್ತ ಗೆಳೆಯ, ಇಬ್ಬರ ಮನೆಯಲ್ಲೂ ಜಾಗ ಆಗಲಿಲ್ಲ. ಕೊಲಂಬಿಯಾದಲ್ಲಿ ಓದಿ ಬಂದವರು ಬೊಂಬಾಯಿ ರೈಲಿನ ಹೊತ್ತಾಗುವ ತನಕ ಸಾರ್ವಜನಿಕ ತೋಟದಲ್ಲಿ ಕೂತಿದ್ದರು. ಹತ್ತು ವರ್ಷದ ಕರಾರು ಬರೋಡಾದಲ್ಲಿ ಹನ್ನೊಂದು ದಿನಕ್ಕೆ ಮುರಿದು ಬಿತ್ತು.

ಇದನ್ನು ಅವರೇ ಬರೆದಿದ್ದಾರೆ. ಆ ಸಣ್ಣ ಬರಹಕ್ಕೆ ಅವರು ಇಟ್ಟ ಹೆಸರು ‘ವೇಟಿಂಗ್ ಫಾರ್ ಎ ವೀಸಾ’. ವೀಸಾಕ್ಕೆ ಕಾಯುವುದು ಅಂತ ಅರ್ಥ. ಹುಡುಕಿ ನೋಡಿ, ಅದರಲ್ಲಿ ಯಾವ ರಾಯಭಾರ ಕಚೇರಿಯೂ ಬರುವುದಿಲ್ಲ. ಬರುವುದು ಗೋರೆಗಾಂವಿನ ದಾರಿಯ ಬಂಡಿ, ಬರೋಡಾದ ಛತ್ರ, ದೌಲತಾಬಾದಿನ ಕೊಳ. ಸ್ವಂತ ದೇಶದೊಳಗೆ ಓಡಾಡುವುದಕ್ಕೆ ವೀಸಾ ಬೇಕಾದವನ ಕತೆ ಅದು.

ಆಮೇಲೆ ನಡೆದದ್ದು ನಮ್ಮ ವಿಷಯಕ್ಕೆ ಇನ್ನೂ ಹತ್ತಿರ. 1918ರಲ್ಲಿ ಬೊಂಬಾಯಿಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪ್ರೊಫೆಸರಾದರು. ಅಲ್ಲಿಯೂ ನೀರಿನ ಕೊಡದ ತಕರಾರು ಇದ್ದೇ ಇತ್ತು. ಆದರೂ ಸಂಬಳ ಬಂತು. ಅದರಲ್ಲಿ ಉಳಿಸಿ, ಕೊಲ್ಲಾಪುರದ ಶಾಹು ಮಹಾರಾಜರ ನೆರವು ಪಡೆದು, ಗೆಳೆಯ ನವಲ್ ಭಥೇನಾರ ಹತ್ತಿರ ಸಾಲ ಮಾಡಿ 1920ರಲ್ಲಿ ಮತ್ತೆ ಲಂಡನ್ನಿಗೆ ಹೋದರು. ವಿದ್ಯಾರ್ಥಿವೇತನ ಅರ್ಧಕ್ಕೆ ನಿಲ್ಲಿಸಿದ ಓದನ್ನು ದುಡಿಮೆ ಪೂರ್ತಿ ಮಾಡಿಸಿತು. 1923ರಲ್ಲಿ ಡಿ.ಎಸ್‌ಸಿ. ಪದವಿ ಬಂತು. ಓದಿದ ಮೇಲೆ ಸಂಬಳದ ಕೆಲಸ ಸಿಗುವುದು ಅಂದರೆ ಏನು ಅಂತ ಯಾರಾದರೂ ಕೇಳಿದರೆ ಈ ಅವಧಿ ತೋರಿಸಿ.

ಇನ್ನು ಸಿಯಾಟಲಿನಲ್ಲಿ ಇಳಿದವನು. ತಿಂಡ್ ಮರದ ಕಾರ್ಖಾನೆಗಳಲ್ಲಿ ದುಡಿದ. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯ ಸೇರಿದ. ಅಲ್ಲಿಯೇ ನೆಲೆಯೂರಲು ಪೌರತ್ವ ಕೇಳಿದ. ಆ ಕಾಲದ ಕಾನೂನಿನಂತೆ ಅದು ಬಿಳಿಯರಿಗೆ, ಆಫ್ರಿಕಾ ಮೂಲದವರಿಗೆ ಮಾತ್ರ. 1917ರಲ್ಲಿ ಏಷ್ಯಾದ ಕೂಲಿಗಳು ಬರದ ಹಾಗೆ ಬೇಲಿಯನ್ನೂ ಹಾಕಿದ್ದರು. ವಿದ್ಯಾರ್ಥಿಗಳಿಗೆ ವಿನಾಯಿತಿ, ಕೂಲಿಗಳಿಗಿಲ್ಲ. ಸುಪ್ರೀಂ ಕೋರ್ಟಿನಲ್ಲಿ ತಿಂಡ್ ಪರವಾಗಿ ಹೂಡಿದ ವಾದ ಏನು ಗೊತ್ತೇ? ಈತ ಉಚ್ಚ ಜಾತಿಯವನು, ಶುದ್ಧ ಆರ್ಯ ರಕ್ತದವನು, ಆದ್ದರಿಂದ ಬಿಳಿಯ. ಬಿಳಿಯರು ಕರಿಯರ ಜೊತೆ ಸಂಬಂಧ ಬೆಳೆಸದ ಹಾಗೆ ನಮ್ಮ ಉಚ್ಚ ಜಾತಿಯವರೂ ಕೆಳಗಿನವರ ಜೊತೆ ಬೆಳೆಸುವುದಿಲ್ಲ, ಬೇಕಾದರೆ ನೋಡಿ! ಅಸ್ಪೃಶ್ಯತೆಯನ್ನೇ ಪಾಸ್‌ಪೋರ್ಟು ಮಾಡಿಕೊಂಡು ಬಾಗಿಲು ಬಡಿದರು. 1923ರ ಫೆಬ್ರವರಿ 19ರಂದು ಕೋರ್ಟು ಆಗುವುದಿಲ್ಲ ಅಂತ ತೀರ್ಪು ಕೊಟ್ಟಿತು. ಬಿಳಿಯರ ಆ ತೀರ್ಪೂ ಜನಾಂಗ ದ್ವೇಷದ್ದೇ, ನಾವು ಅದಕ್ಕೆ ಚಪ್ಪಾಳೆ ತಟ್ಟುವುದಿಲ್ಲ. ಆದರೆ ಕಡಲು ದಾಟಿದ ಮೇಲೆ ಜಾತಿ ಕರಗುತ್ತದೆ ಅನ್ನುವವರು ಆ ಕಡತ ಓದಲಿ. ಸರಿಯಾಗಿ ನೂರು ವರ್ಷ ಕಳೆದು, 2023ರ ಫೆಬ್ರವರಿಯಲ್ಲಿ, ಅದೇ ಸಿಯಾಟಲ್ ನಗರ ಜಾತಿ ತಾರತಮ್ಯವನ್ನು ನಿಷೇಧಿಸುವ ಕಾನೂನು ಮಾಡಬೇಕಾಗಿ ಬಂತು. ಅದೇ ವರ್ಷ ಕ್ಯಾಲಿಫೋರ್ನಿಯಾದ ಶಾಸನಸಭೆ ಒಪ್ಪಿದ ಅಂಥದೇ ಮಸೂದೆಯನ್ನು ಅಲ್ಲಿನ ಗವರ್ನರ್ ವಾಪಸು ಕಳಿಸಿದ.

ಈಗಿನ ಪರವಾನಗಿಯ ಲೆಕ್ಕ ನೋಡೋಣ. ಅಮೆರಿಕದಲ್ಲಿ ಓದು ಮುಗಿಸಿದವರಿಗೆ ತರಬೇತಿಯ ಹೆಸರಿನಲ್ಲಿ 12 ತಿಂಗಳ ಕೆಲಸ. ವಿಜ್ಞಾನ, ಎಂಜಿನಿಯರಿಂಗ್ ಓದಿದವರಿಗೆ 2016ರಿಂದ ಇನ್ನೂ 24 ತಿಂಗಳು. ಮೊದಲ ಅವಧಿಯಲ್ಲಿ ಒಟ್ಟು 90 ದಿನಕ್ಕಿಂತ ಹೆಚ್ಚು ಕೆಲಸವಿಲ್ಲದೆ ಇರುವ ಹಾಗಿಲ್ಲ. ಇಂಗ್ಲೆಂಡಿನವರದು ಹಾಕಿ ತೆಗೆಯುವ ಚಿಲಕ. 2008ರಲ್ಲಿ ಎರಡು ವರ್ಷ ಕೊಟ್ಟರು. ವಲಸೆ ಜಾಸ್ತಿಯಾಯಿತು ಅಂತ 2012ರ ಏಪ್ರಿಲಿನಲ್ಲಿ ಮುಚ್ಚಿದರು. ವಿಶ್ವವಿದ್ಯಾಲಯಗಳಿಗೆ ಪರದೇಶದವರ ಫೀಜು ಬೇಕಾಗಿತ್ತು, 2021ರ ಜುಲೈ 1ರಿಂದ ಮತ್ತೆ ತೆರೆದರು. ಎರಡು ವರ್ಷ, ಪಿಎಚ್‌.ಡಿ. ಮಾಡಿದವರಿಗೆ ಮೂರು. ಮತ್ತೆ ಗಲಾಟೆಯೆದ್ದು 2025ರಲ್ಲಿ ಕತ್ತರಿಸಿದರು. 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ ಎರಡು ವರ್ಷದ ಬದಲು 18 ತಿಂಗಳು. ಫೀಜು ಬೇಕಾದಾಗ ತೆರೆಯುತ್ತಾರೆ, ಓಟು ಬೇಕಾದಾಗ ಮುಚ್ಚುತ್ತಾರೆ. ಅವರ ದೇಶ, ಅವರ ಬಾಗಿಲು ಅನ್ನಬಹುದು. ಆದರೆ ಫೀಜು ಕಟ್ಟಿದವನು ಸುಮ್ಮನೆ ಬಂದ ನೆಂಟನಲ್ಲ.

ಆರು ತಿಂಗಳು ಕಡಿಮೆಯಾದರೆ ಏನಂತೆ ಅಂತ ಕೇಳುವವರಿದ್ದಾರೆ. ಅರಸೀಕೆರೆಯ ಮಾರುಕಟ್ಟೆಗೆ ಕೊಬ್ಬರಿ ಹಾಕುವ ತೋಟದವರ ಮಗನಿಗೆ ಏನೂ ಆಗುವುದಿಲ್ಲ. ಅವನಿಗೆ ಬ್ಯಾಂಕಿನಲ್ಲಿ ಇಡಲು ಪಹಣಿ ಇದೆ, ಅಲ್ಲಿ ಉಳಿಯಲು ಚಿಕ್ಕಪ್ಪನ ಮನೆ ಇದೆ. ನಮ್ಮ ಹುಡುಗಿಯ ಲೆಕ್ಕ ಬೇರೆ. ಸಾಲ ಏಳೂವರೆ ಲಕ್ಷ ದಾಟಿದರೆ ಬ್ಯಾಂಕು ಸಾಮಾನ್ಯವಾಗಿ ಅಡಮಾನ ಕೇಳುತ್ತದೆ. ಅಪ್ಪನ ಹೆಸರಿನಲ್ಲಿರುವುದು ಎರಡಂಕಣದ ಮನೆ. ಹೇಗೋ ಸಾಲ ಸಿಕ್ಕಿತು ಅನ್ನಿ. ಸಾಮಾನ್ಯ ನಿಯಮದಂತೆ ಓದು ಮುಗಿದು ಒಂದು ವರ್ಷಕ್ಕೆ ಕಂತು ಶುರು. ಪರವಾನಗಿ 18 ತಿಂಗಳು. ಅಂದರೆ ಪೌಂಡಿನಲ್ಲಿ ದುಡಿದು ಕಂತು ಕಟ್ಟಲು ಉಳಿಯುವುದು ಆರು ತಿಂಗಳು ಚಿಲ್ಲರೆ. ಮೊದಲ ವರ್ಷದ ಸಂಬಳದಲ್ಲಿ ಉಳಿಸಿದ್ದಷ್ಟೇ ಅವಳ ಆಸ್ತಿ. ಮುಂದೆ ಅಲ್ಲಿರಬೇಕಾದರೆ ಕಂಪನಿಯವರು ಹೊಣೆ ಹೊರಬೇಕು, ವರ್ಷಕ್ಕೆ 41,700 ಪೌಂಡಿನ ಸಂಬಳದ ಮಿತಿ ಮುಟ್ಟಬೇಕು, ಹೊಸಬರಿಗೆ ಮಿತಿ ಸ್ವಲ್ಪ ಕಡಿಮೆ. ಕತ್ತರಿಸಿದ ಆರು ತಿಂಗಳು ಎಲ್ಲಿ ಕತ್ತರಿಸಿತು ಅಂತ ಈಗ ನೋಡಿ. ಇದನ್ನು ಜೀತ ಅಂತ ಕರೆಯಲು ನಾವು ತಯಾರಿಲ್ಲ. ಜೀತ ಏನು ಅಂತ ಗೊತ್ತಿದ್ದವರು ಆ ಮಾತನ್ನು ಸಸ್ತಾ ಮಾಡಬಾರದು.

ಸಾಲವಿಲ್ಲದೆ ಹೋಗುವ ದಾರಿ ವಿದ್ಯಾರ್ಥಿವೇತನ. ಪರಿಶಿಷ್ಟ ಜಾತಿಯವರಿಗೆ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ 1954-55ರಿಂದ ಇದೆ. ಇಡೀ ದೇಶಕ್ಕೆ ವರ್ಷಕ್ಕೆ 125 ಜಾಗ. 2025ರ ಜುಲೈಯಲ್ಲಿ ಆಯ್ಕೆಯಾದ 106 ಜನರಲ್ಲಿ ಮೊದಲು ಪತ್ರ ಹೋದದ್ದು 40 ಜನಕ್ಕೆ, ಉಳಿದವರಿಗೆ ಹಣ ಬಂದರೆ ನೋಡೋಣ ಅಂದರು. ಇನ್ನೊಂದು ಸಂಗತಿ ಇದಕ್ಕಿಂತ ಕೆಟ್ಟದ್ದು. 2022ರ ನಿಯಮದಲ್ಲಿ ಭಾರತದ ಸಂಸ್ಕೃತಿ, ಚರಿತ್ರೆ, ಸಮಾಜ ಕುರಿತ ಸಂಶೋಧನೆಗೆ ಈ ವೇತನ ಇಲ್ಲ ಅಂತ ಸೇರಿಸಿದರು. ಬೇಲೂರಿನ ಮೆಟ್ಟಿನ ಕತೆಯನ್ನು ಲಂಡನ್ನಿನಲ್ಲಿ ಕೂತು ಓದಬೇಕು ಅಂದವಳಿಗೆ ಇಲ್ಲಿ ವೇತನವಿಲ್ಲ. ಸಾಲ ಮಾಡಿ ಅಮೆರಿಕಕ್ಕೆ ಹೋದರೆ, ಸಮಾಜಶಾಸ್ತ್ರ ಓದಿದ ತಪ್ಪಿಗೆ 12 ತಿಂಗಳಲ್ಲೇ ಗಂಟುಮೂಟೆ. ಎರಡು ಸರ್ಕಾರಗಳು ಮಾತಾಡಿಕೊಂಡು ಮಾಡಿದ್ದಲ್ಲ, ಆದರೂ ಏಟು ಬೀಳುವುದು ಒಂದೇ ಬೆನ್ನಿಗೆ.

ನಮ್ಮೊಳಗಿನ ಒಂದು ಮಾತಿಗೂ ಉತ್ತರ ಹೇಳಬೇಕು. ಹೊರಗೆ ಹೋದವರು ಚಳವಳಿಗೆ ದಕ್ಕುವುದಿಲ್ಲ, ಓದಿ ಕೂಡಲೇ ವಾಪಸು ಬರಲಿ, ಬಾಬಾಸಾಹೇಬರು ಬರಲಿಲ್ಲವೇ ಅಂತ ಹಿರಿಯ ಸಂಗಾತಿಗಳು ಹೇಳುತ್ತಾರೆ. ಬಂದರು, ನಿಜ. ಬಂದವರನ್ನು ಬರೋಡಾ ಏನು ಮಾಡಿತು ಅನ್ನುವುದನ್ನೂ ಅದೇ ಉಸಿರಿನಲ್ಲಿ ಹೇಳಬೇಕು. ಕಂತು ಬಾಕಿ ಇಟ್ಟುಕೊಂಡು ಬಂದವಳು ಚಳವಳಿಗಿಂತ ಮುಂಚೆ ಬ್ಯಾಂಕಿನವರಿಗೆ ದಕ್ಕುತ್ತಾಳೆ. ಸಾಲ ತೀರಿಸಿ ಬಂದವಳು ಯಾರ ಮುಂದೆಯೂ ಕೈಕಟ್ಟಿ ನಿಲ್ಲಬೇಕಾಗಿಲ್ಲ.

ಹಳ್ಳಿಯ ಮೇಷ್ಟ್ರುಗಳಿಗೆ ಒಂದು ಕೆಲಸ ಹೇಳುತ್ತೇವೆ. ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ ‘ಪ್ರಬುದ್ಧ’ ಯೋಜನೆ ಪರಿಶಿಷ್ಟ ಜಾತಿ, ಪಂಗಡದ ಮಕ್ಕಳಿಗೆ ಪರದೇಶದ ಓದಿಗೆ ನೆರವು ಕೊಡುತ್ತದೆ. ಅದರ ಅರ್ಜಿಯ ತಾರೀಖು, ಆದಾಯದ ಮಿತಿ, ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿರುವ ಕರಾರು, ಮೂರನ್ನೂ ತಾಲ್ಲೂಕು ಕಚೇರಿಯಲ್ಲಿ ಕೇಳಿ ಬರೆದುಕೊಂಡು ಬನ್ನಿ. ಏಜೆಂಟು ಎರಡು ವರ್ಷ ಅಂತ ಹೇಳಿದರೆ ಯಾವ ತಾರೀಖಿನ ನಿಯಮ ಅಂತ ಕೇಳಿ. ಒಂದು ವರ್ಷದ ಎಂ.ಎ. ಯಾವ ತಿಂಗಳು ಮುಗಿಯುತ್ತದೆ, ಅರ್ಜಿ 2027ರ ಜನವರಿ 1ಕ್ಕೆ ಮುಂಚೆಯೋ ಆಮೇಲೆಯೋ ಅನ್ನುವುದನ್ನು ಹುಡುಗಿಯ ಮುಂದೆ ಕೂತು ಕಾಗದದ ಮೇಲೆ ಎಣಿಸಿ. ಸಾಲದ ಕಾಗದಕ್ಕೆ ಅಪ್ಪ ಹೆಬ್ಬೆಟ್ಟು ಒತ್ತುವುದು ಆಮೇಲೆ.