ಜಿಪ್ಸಂ ಮೇಲಣ ತೆಳುಮಣ್ಣು: ತಿರುವೊಟ್ಟಿಯೂರಿನಿಂದ ಒಂದು ಲೆಕ್ಕ

ಮರುಭೂಮಿಯ ಹುಲ್ಲುಗಾವಲಿನಲ್ಲಿ ಜಿಪ್ಸಂ ಬಂಡೆಯ ಮೇಲೆ ಗೇಣುದ್ದದ ಮಣ್ಣು ಹೇಗೆ ನಿಲ್ಲುತ್ತದೆ ಎಂಬ ಪ್ರಶ್ನೆಯನ್ನು ತಿರುವೊಟ್ಟಿಯೂರಿನಿಂದ ಆರಂಭಿಸುವುದು ವಿಚಿತ್ರವೆನಿಸಬಹುದು. ಚೆನ್ನೈನ ಈ ಉತ್ತರ ಅಂಚಿನಲ್ಲಿ ಬಂಡೆಯೂ ಇಲ್ಲ, ಮರುಭೂಮಿಯೂ ಇಲ್ಲ. ಇರುವುದು ಕಡಲ ಮರಳಿನ ಪಟ್ಟಿ, ಅಲೆ ತಡೆಯಲು ಸುರಿದ ಕಲ್ಲುಗುಂಡುಗಳು, ಅದರಾಚೆ ಎಣ್ಣೂರಿನ ಅಳಿವೆ. ಆದರೆ ಒಂದು ಖನಿಜ ಎಲ್ಲಿ ಉಳಿಯುವುದಿಲ್ಲ ಎಂಬುದು ತಿಳಿದರೆ ಅದು ಬೇರೆಡೆ ಯಾಕೆ ಉಳಿದಿದೆ ಎಂಬುದಕ್ಕೆ ಸುಳಿವು ಸಿಗುತ್ತದೆ. ಆ ದೃಷ್ಟಿಯಿಂದ ತಿರುವೊಟ್ಟಿಯೂರು ಒಳ್ಳೆಯ ಹೋಲಿಕೆಯ ನೆಲ.

ಜಿಪ್ಸಂ ಎಂದರೆ ಎರಡು ಅಣು ನೀರನ್ನು ಹರಳಿನೊಳಗೇ ಕಟ್ಟಿಕೊಂಡ ಕ್ಯಾಲ್ಸಿಯಂ ಸಲ್ಫೇಟ್. ತೂಕದಲ್ಲಿ ಐದನೆಯ ಒಂದು ಪಾಲಿಗಿಂತ ತುಸು ಹೆಚ್ಚು ನೀರೇ. ಮೋಸ್ ಗಡಸುತನದ ಅಳತೆಯಲ್ಲಿ ಅದರ ಸ್ಥಾನ 2, ಉಗುರಿನಿಂದ ಗೀರಬಹುದು. ಈ ಲೇಖನಕ್ಕೆ ಮುಖ್ಯವಾದ ಗುಣ ಇನ್ನೊಂದು: ಒಂದು ಲೀಟರ್ ಸಿಹಿನೀರು ಸುಮಾರು 2.5 ಗ್ರಾಂ ಜಿಪ್ಸಂ ಕರಗಿಸಿಕೊಳ್ಳುತ್ತದೆ. ಉಪ್ಪಿಗೆ ಹೋಲಿಸಿದರೆ ಇದು ಏನೇನೂ ಅಲ್ಲ, ಸುಣ್ಣದ ಕಲ್ಲಿಗೆ ಹೋಲಿಸಿದರೆ ಬಲು ಹೆಚ್ಚು. ಈ ನಡುವಣ ಸ್ಥಿತಿಯಿಂದಾಗಿ ಜಿಪ್ಸಂ ಮಣ್ಣಿನೊಳಗಿನ ಮಳೆಮಾಪಕದಂತೆ ವರ್ತಿಸುತ್ತದೆ. ಉಪ್ಪು ಬೇಗನೆ ತೊಳೆದುಹೋಗುತ್ತದೆ, ಸುಣ್ಣಕಲ್ಲು ಬಹುಕಾಲ ನಿಲ್ಲುತ್ತದೆ, ಜಿಪ್ಸಂ ಮಾತ್ರ ನೀರು ಎಲ್ಲಿಯವರೆಗೆ ಇಳಿದು ಎಲ್ಲಿ ನಿಂತಿತೆಂಬ ಗುರುತನ್ನು ಬಿಟ್ಟುಹೋಗುತ್ತದೆ.

ಒಂದು ಸರಳ ಲೆಕ್ಕ ಹಾಕೋಣ. ಚೆನ್ನೈಗೆ ವರ್ಷಕ್ಕೆ ಸುಮಾರು 1,400 ಮಿಲಿಮೀಟರ್ ಮಳೆ, ಅಂದರೆ ಚದರ ಮೀಟರಿಗೆ 1,400 ಲೀಟರ್. ಅಷ್ಟೂ ನೀರು ಮಣ್ಣಿಗಿಳಿದು ಜಿಪ್ಸಂನಿಂದ ತಣಿದು ಹೊರಬಿದ್ದರೆ 3.5 ಕಿಲೋ ಕರಗುತ್ತದೆ. ಜಿಪ್ಸಂನ ಸಾಂದ್ರತೆ 2.3 ಎಂದು ಹಿಡಿದರೆ ಇದು ಒಂದೂವರೆ ಮಿಲಿಮೀಟರ್ ದಪ್ಪದ ಪದರ. ಮೂವತ್ತು ಸೆಂಟಿಮೀಟರ್ ದಪ್ಪದ ಜಿಪ್ಸಂ ಹಾಸು ಇನ್ನೂರು ವರ್ಷದಲ್ಲಿ ಮಾಯ. ರಾಜಸ್ಥಾನದ ಬಿಕಾನೇರಿನಲ್ಲಿ ಬೀಳುವ ಮಳೆ 250ರಿಂದ 300 ಮಿಲಿಮೀಟರ್. ಅದೇ ಲೆಕ್ಕದಲ್ಲಿ ಅಲ್ಲಿ ಅಷ್ಟೇ ದಪ್ಪದ ಹಾಸು ಸಾವಿರ ವರ್ಷ ಬಾಳಬೇಕು. ಎರಡೂ ಕರಗುವಿಕೆಯ ಗರಿಷ್ಠ ಅಂದಾಜುಗಳು. ಮಳೆಯ ಬಹುಪಾಲು ಆವಿಯಾಗುತ್ತದೆ, ಹರಿದುಹೋಗುತ್ತದೆ, ಬೇರುಗಳು ಹೀರುತ್ತವೆ. ಆದರೂ ಇಲ್ಲೊಂದು ತೊಡಕಿದೆ. ಮಳೆಯ ಮೊತ್ತವೇ ಎಲ್ಲವನ್ನೂ ನಿರ್ಧರಿಸುವುದಾದರೆ ಬಿಕಾನೇರಿನ ಜಿಪ್ಸಂ ಕೂಡ ಎಂದೋ ಮುಗಿದಿರಬೇಕಿತ್ತು. ಸಾವಿರ ವರ್ಷ ಭೂವಿಜ್ಞಾನಕ್ಕೆ ಒಂದು ಮಧ್ಯಾಹ್ನ.

ಹಾಗೆ ಮುಗಿದಿಲ್ಲ ಎಂಬುದೇ ಉತ್ತರ. ಬಿಕಾನೇರಿನ ಜಾಮ್‌ಸರ್, ನಾಗೌರ್, ಬಾಡ್‌ಮೇರ್, ಜೈಸಲ್ಮೇರ್ ಸೀಮೆಗಳಲ್ಲಿ ಜಿಪ್ಸಂ ಮರಳಿನ ತೆಳು ಹೊದಿಕೆಯ ಕೆಳಗೇ ಸಿಗುತ್ತದೆ. ಅಲ್ಲಿ ಮಳೆನೀರು ಸ್ವಲ್ಪ ಆಳ ಇಳಿಯುತ್ತದೆ, ಜಿಪ್ಸಂ ಕರಗಿಸಿಕೊಳ್ಳುತ್ತದೆ, ಬಿಸಿಲಿಗೆ ಮತ್ತೆ ಮೇಲಕ್ಕೆ ಎಳೆಯಲ್ಪಟ್ಟು ಆವಿಯಾಗುವಾಗ ಅದನ್ನು ಅಲ್ಲಲ್ಲೇ ಉದುರಿಸುತ್ತದೆ. ಖನಿಜ ಊರು ಬಿಡುವುದಿಲ್ಲ, ಮನೆ ಬದಲಿಸುತ್ತದೆ ಅಷ್ಟೆ. ಆದ್ದರಿಂದ ನಿರ್ಣಾಯಕವಾದದ್ದು ಎಷ್ಟು ಮಳೆ ಬಿತ್ತು ಎಂಬುದಲ್ಲ, ಬಿದ್ದ ನೀರು ಬೇರಿನ ವಲಯವನ್ನು ದಾಟಿ ಹೊರಹೋಯಿತೇ ಎಂಬುದು. ನನ್ನ ವಾದವಿಷ್ಟೇ. ಮುಂದಿನ ಉದಾಹರಣೆಗಳನ್ನು ಈ ವಾದವನ್ನು ಪರೀಕ್ಷಿಸಲು ಆರಿಸಿಕೊಂಡಿದ್ದೇನೆ.

ಮೊದಲ ಉದಾಹರಣೆಯಾದ ತಿರುವೊಟ್ಟಿಯೂರು ಕನ್ನಡ ಓದುಗರಿಗೆ ತೀರ ಅಪರಿಚಿತವಲ್ಲ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಆಳ್ವಿಕೆಯ ಶಾಸನಗಳು ಅಲ್ಲಿನ ದೇಗುಲದಲ್ಲಿವೆ. ಆ ದೇಗುಲದ ಆದಿಪುರೀಶ್ವರ ಹುತ್ತದ ಮಣ್ಣಿನ ಲಿಂಗ. ವರ್ಷವಿಡೀ ಕವಚದೊಳಗಿದ್ದು ತಮಿಳು ಕಾರ್ತಿಗೈ ತಿಂಗಳ ಹುಣ್ಣಿಮೆಯ ಹೊತ್ತಿಗೆ ಮೂರು ದಿನ ಮಾತ್ರ ಕವಚವಿಲ್ಲದೆ ದರ್ಶನ ಕೊಡುತ್ತದೆ. ಮಣ್ಣನ್ನು ನೀರಿನಿಂದ ಕಾಪಾಡಬೇಕೆಂಬ ಅರಿವು ಮಣ್ಣುವಿಜ್ಞಾನಿಗಳಿಗಿಂತ ಹಳೆಯದು ಎಂದು ತಮಾಷೆಗೆ ಹೇಳಬಹುದು.

ಈ ಕರಾವಳಿಯಲ್ಲಿ ಜಿಪ್ಸಂ ಪ್ರತಿ ಬೇಸಗೆಯೂ ಹುಟ್ಟುತ್ತದೆ. ಎಣ್ಣೂರು, ಕಾಟ್ಟುಪ್ಪಳ್ಳಿ ಕಡೆಯ ಉಪ್ಪಿನ ಆಗರಗಳಲ್ಲಿ ಕಡಲನೀರು ಇಂಗುತ್ತ ಹೋದಂತೆ ಮೊದಲು ಸುಣ್ಣ, ಆಮೇಲೆ ಜಿಪ್ಸಂ, ಕೊನೆಗೆ ಅಡುಗೆ ಉಪ್ಪು ಹರಳುಗಟ್ಟುತ್ತವೆ. ಉಪ್ಪುನೀರಿನ ಸಾಂದ್ರತೆ ಬೋಮೆ ಅಳತೆಯಲ್ಲಿ 13 ಡಿಗ್ರಿಯ ಆಸುಪಾಸಿಗೆ ಬಂದಾಗ ಜಿಪ್ಸಂ ಕಾಣಿಸಿಕೊಳ್ಳುತ್ತದೆ, 25 ದಾಟಿದ ಮೇಲೆ ಉಪ್ಪು. ಒಂದು ಘನ ಮೀಟರ್ ಕಡಲನೀರಿನಲ್ಲಿ ಸುಮಾರು ಒಂದೂವರೆ ಕಿಲೋ ಜಿಪ್ಸಂಗೆ ಸಾಕಾಗುವಷ್ಟು ಸರಕಿದೆ. ಗೋಕರ್ಣದ ಬಳಿಯ ಸಾಣಿಕಟ್ಟಾ ಆಗರಗಳಲ್ಲೂ ರಸಾಯನ ಇದೇ. ಆಗರದ ತಳದಲ್ಲಿ ಕೂರುವ ಈ ಪೊರೆಯನ್ನು ಹುಲ್ಲುಗಾವಲಿನ ಜಿಪ್ಸಂ ಹಾಸಿನ ಎಳೆಯ ರೂಪವೆಂದು ಕರೆಯಬಹುದಿತ್ತು. ಆದರೆ ಅದಕ್ಕೆ ವಯಸ್ಸಾಗಲು ಈಶಾನ್ಯ ಮಾರುತ ಬಿಡುವುದಿಲ್ಲ. ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಮಳೆ ಮರಳಿನಲ್ಲಿ ಸಲೀಸಾಗಿ ಇಳಿದು, ಕಡಲಿಗೆ ಸೇರುವ ಅಂತರ್ಜಲದೊಂದಿಗೆ ಹೊರಟುಹೋಗುತ್ತದೆ. ಅದಲ್ಲದೆ ಉಪ್ಪು ಬೆರೆತ ನೀರಿನಲ್ಲಿ ಜಿಪ್ಸಂನ ಕರಗುವಿಕೆ ಮೂರು ಪಟ್ಟಿನವರೆಗೂ ಏರಬಲ್ಲದು. ತಿರುವೊಟ್ಟಿಯೂರಿನ ಮರಳು ಜಿಪ್ಸಂಗೆ ತಂಗುದಾಣ ಮಾತ್ರ.

ಹಾಗಿದ್ದರೆ ಮಳೆ ಸಾಕಷ್ಟಿರುವ ತಮಿಳುನಾಡಿನಲ್ಲಿ ಜಿಪ್ಸಂ ಎಲ್ಲೂ ನಿಲ್ಲಬಾರದು. ನಿಂತಿದೆ. ತಿರುಚಿರಾಪಳ್ಳಿಗೆ ಉತ್ತರದಲ್ಲಿ, ಪೆರಂಬಲೂರಿನ ಕಾರೈ ಸುತ್ತಮುತ್ತ, ಸುಮಾರು ಹತ್ತು ಕೋಟಿ ವರ್ಷ ಹಳೆಯ ಕಡಲ ಜೇಡಿ ಬೋಳಾಗಿ ತೆರೆದುಕೊಂಡಿದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಎಚ್. ಎಫ್. ಬ್ಲಾನ್‌ಫರ್ಡ್ ಹತ್ತೊಂಬತ್ತನೆಯ ಶತಮಾನದಲ್ಲಿ ವಿವರಿಸಿದ ಕ್ರಿಟೇಶಿಯಸ್ ಪದರಗಳಿವು. ಮಳೆ ಕೊರೆದ ಕೊರಕಲುಗಳು, ಕಾಲಿಗೆ ಸಿಗುವ ಬೆಲೆಮ್ನೈಟ್ ಪಳೆಯುಳಿಕೆಗಳು, ಜೇಡಿಯ ಬಿರುಕುಗಳಲ್ಲಿ ಹಾಳೆಹಾಳೆಯಾಗಿ ಹೊಳೆಯುವ ಜಿಪ್ಸಂ. ಇಲ್ಲಿ ಬೀಳುವ ಮಳೆ 900 ಮಿಲಿಮೀಟರಿನ ಆಸುಪಾಸು. ಬಿಕಾನೇರಿನ ಮೂರು ಪಟ್ಟು.

ಮೇಲಿನ ಲೆಕ್ಕ ಇಲ್ಲಿ ಎಡವಿತೇ? ಇಲ್ಲವೆಂದೇ ನನ್ನ ಅಭಿಪ್ರಾಯ. ಹಸಿಯಾದಾಗ ಉಬ್ಬುವ ಈ ಜೇಡಿ ತನ್ನ ಬಿರುಕುಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ನೀರು ಒಳಗಿಳಿಯುವ ಬದಲು ಇಳಿಜಾರಿನಲ್ಲಿ ಓಡಿ ಮೇಲ್ಮಣ್ಣನ್ನೇ ಕೊಚ್ಚಿಕೊಂಡು ಹೋಗುತ್ತದೆ. ತುಸುವೇ ಒಳಹೊಕ್ಕ ನೀರು ಇನ್ನೊಂದು ಕೆಲಸ ಮಾಡುತ್ತದೆ. ಇಂಥ ಕಡಲ ಜೇಡಿಗಳಲ್ಲಿರುವ ಪೈರೈಟ್, ಗಾಳಿ ನೀರಿನ ಸಂಪರ್ಕಕ್ಕೆ ಬಂದಾಗ ಗಂಧಕಾಮ್ಲವಾಗುತ್ತದೆ. ಆ ಆಮ್ಲ ಚಿಪ್ಪುಗಳ ಸುಣ್ಣದೊಡನೆ ಕೂಡಿ ಜಿಪ್ಸಂ ಆಗುತ್ತದೆ. ಬಿರುಕಿನ ಹಾಳೆಗಳು ಈ ಬಗೆಯ ಹುಟ್ಟಿಗೆ ಹೊಂದುತ್ತವೆ. ಹಾಗಾದರೆ ಇಲ್ಲಿ ನೀರು ಕರಗಿಸುವಷ್ಟೇ ಹುಟ್ಟಿಸುತ್ತದೆ ಕೂಡ. ಮೇಲೆ ಉಳಿದ ಮಣ್ಣು ಎಷ್ಟು ತೆಳುವೆಂದರೆ, ಒಂದು ವಾರ ಮಳೆ ತಪ್ಪಿದರೆ ಹುಲ್ಲಿಗೆ ಅದು ಮರುಭೂಮಿಯೇ. ಹವಾಮಾನದ ನಕ್ಷೆ ನೋಡಿ ಕಾರೈಯನ್ನು ಮರುಭೂಮಿ ಎನ್ನಲಾಗದು, ಬೇರಿನ ಕಣ್ಣಿನಿಂದ ನೋಡಿದರೆ ಅನ್ನದಿರಲಾಗದು.

ನಿಜವಾದ ಜಿಪ್ಸಂ ಹುಲ್ಲುಗಾವಲು ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿದೆ. ವೈಟ್ ಸ್ಯಾಂಡ್ಸ್‌ನ ಬಿಳಿ ದಿಬ್ಬಗಳು ಎಲ್ಲರಿಗೂ ಗೊತ್ತು. ನಮಗೆ ಬೇಕಾದದ್ದು ಅಷ್ಟು ಪ್ರಸಿದ್ಧವಲ್ಲದ, ಜಿಪ್ಸಂ ಬಂಡೆಯ ಮೇಲೆ ಅರ್ಧ ಮೀಟರೂ ಇಲ್ಲದ ಮಣ್ಣಿನ ಹರವುಗಳು. ಅಲ್ಲಿನ ಒಂದು ಪರ್ಮಿಯನ್ ಶಿಲಾಸ್ತರದ ಹೆಸರೇ ‘ಯೇಸೋ’, ಸ್ಪ್ಯಾನಿಷಿನಲ್ಲಿ ಜಿಪ್ಸಂ ಎಂದರ್ಥ. ಬೌಟೆಲೊವಾ ಬ್ರೆವಿಸೆಟಾ, ಸ್ಪೊರೊಬೊಲಸ್ ನೀಲಿಯೈ ಎಂಬ ಹುಲ್ಲುಗಳು ಈ ನೆಲವನ್ನೇ ಹುಡುಕಿಕೊಂಡು ಬೆಳೆಯುತ್ತವೆ. ಸ್ಪೊರೊಬೊಲಸ್ ಕುಲದ ಇನ್ನೊಂದು ಹುಲ್ಲು, ವರ್ಜಿನಿಕಸ್, ತಮಿಳುನಾಡಿನ ಕಡಲಂಚಿನ ಉಪ್ಪುಮರಳಲ್ಲಿ ಹಬ್ಬುತ್ತದೆ. ಜಿಪ್ಸಂ ನೆಲದಲ್ಲಿ ಕ್ಯಾಲ್ಸಿಯಂ, ಗಂಧಕ ಮಿತಿಮೀರಿರುತ್ತವೆ, ರಂಜಕ ದಕ್ಕುವುದು ಕಷ್ಟ, ಮೇಲ್ಪದರ ಗಟ್ಟಿಯಾಗಿ ಮೊಳಕೆಯನ್ನು ತಡೆಯುತ್ತದೆ. ಗಿಡಗಳ ನಡುವಣ ಬಯಲನ್ನು ಕಲ್ಲುಹೂವು, ಪಾಚಿ, ಸಯನೋಬ್ಯಾಕ್ಟೀರಿಯಾಗಳ ಕಪ್ಪು ಪೊರೆ ಹಿಡಿದಿಟ್ಟಿರುತ್ತದೆ. ದನದ ಗೊರಸು ಆ ಪೊರೆ ಒಡೆದರೆ ಮಣ್ಣು ಗಾಳಿಪಾಲು.

ಬಂಡೆ ಬೇರನ್ನು ತಡೆಯುತ್ತದೆ ಎಂಬ ಸಾಮಾನ್ಯ ತಿಳಿವಳಿಕೆಗೆ 2014ರಲ್ಲಿ ಪ್ರಕಟವಾದ ಸ್ಪೇನಿನ ಅಧ್ಯಯನವೊಂದು ಅಚ್ಚರಿಯ ತಿದ್ದುಪಡಿ ತಂದಿತು. ಹೆಲಿಯಾಂತೆಮಮ್ ಸ್ಕ್ವಾಮಾಟಮ್ ಎಂಬ ಕುರುಚಲು ಗಿಡ ಬೇಸಗೆಯಲ್ಲಿ ತನ್ನ ನೀರಿನ ಶೇಕಡ 70ರಿಂದ 90ರಷ್ಟನ್ನು ಜಿಪ್ಸಂ ಹರಳಿನೊಳಗಣ ನೀರಿನಿಂದಲೇ ಪಡೆಯುತ್ತದೆಂದು ಸಮಸ್ಥಾನಿಗಳ ಅಳತೆ ತೋರಿಸಿತು. ತೆಳುಮಣ್ಣಿನ ಕೆಳಗಿನ ಬಂಡೆ ಇಲ್ಲಿ ಬೇರಿಗೆ ಒಡ್ಡೂ ಹೌದು, ಒರತೆಯೂ ಹೌದು.

ಕನ್ನಡನಾಡಿನಲ್ಲಿ ಇಂಥ ಹಾಸು ಇಲ್ಲದಿದ್ದರೂ ತೆಳುಮಣ್ಣಿನ ಹುಲ್ಲುಗಾವಲು ಧಾರಾಳವಾಗಿತ್ತು. ಮೈಸೂರು ಅರಸರ ದನಗಳ ಇಲಾಖೆಯಾದ ಬೆಣ್ಣೆ ಚಾವಡಿಗೆ, ಟಿಪ್ಪುವಿನ ಕಾಲದಿಂದ ಅಮೃತಮಹಲಿಗೆ ಸೇರಿದ ಕಾವಲುಗಳಲ್ಲಿ ಚಳ್ಳಕೆರೆ ಸೀಮೆಯವು ಗರಸು ಬೆರೆತ ಕೆಂಪು ಮಸಾರಿಯ ಮೇಲೆ ಕರಡ ಬೆಳೆಯುವ ನೆಲಗಳು. ಮಳೆ 500 ಮಿಲಿಮೀಟರಿನ ಸುತ್ತಮುತ್ತ. ಬಂಡೆ ಗ್ರಾನೈಟ್, ನೈಸ್. ಅದರಿಂದ ಗಂಧಕ ಹುಟ್ಟುವುದು ಅತ್ಯಲ್ಪ. ಆದ್ದರಿಂದ ಕಾವಲಿನ ಮಗ್ಗುಲಲ್ಲೇ ಶೇಂಗಾ ಬಿತ್ತುವ ರೈತರು ಜಿಪ್ಸಂ ಚೀಲವನ್ನು ಹೊರಗಿನಿಂದ ತರುತ್ತಾರೆ. ತುಂಗಭದ್ರಾ ಅಚ್ಚುಕಟ್ಟಿನ ಚೌಳು ನೆಲಕ್ಕೂ ಅದೇ ಮದ್ದು: ಜಿಪ್ಸಂನ ಕ್ಯಾಲ್ಸಿಯಂ ಎರೆಮಣ್ಣಿನ ಸೋಡಿಯಂ ಅನ್ನು ಎತ್ತಂಗಡಿ ಮಾಡಿಸುತ್ತದೆ, ಬಸಿಗಾಲುವೆ ಇದ್ದರೆ.

ಮಾರುಕಟ್ಟೆಯ ಜಿಪ್ಸಂ ಎಲ್ಲವೂ ಗಣಿಯದ್ದಲ್ಲ. ರಂಜಕಾಮ್ಲ ತಯಾರಿಸುವ ರಸಗೊಬ್ಬರ ಕಾರ್ಖಾನೆಗಳಲ್ಲಿ ಆಮ್ಲದ ಪ್ರತಿ ಟನ್ನಿಗೆ ಸುಮಾರು ಐದು ಟನ್ ಫಾಸ್ಫೋಜಿಪ್ಸಂ ಉಳಿಯುತ್ತದೆ. ತಿರುವೊಟ್ಟಿಯೂರಿನ ಪಕ್ಕದ ಎಣ್ಣೂರು ಅಂಥ ಒಂದು ನೆಲೆ. ಫ್ಲೋರೈಡ್, ಅಲ್ಪ ವಿಕಿರಣದ ಕಲ್ಮಶ ಇರುವುದರಿಂದ ಇದನ್ನು ಎಲ್ಲಿ ಹೇಗೆ ರಾಶಿ ಹಾಕಬೇಕೆಂಬುದು ಪ್ರತ್ಯೇಕ ಚರ್ಚೆ.

ಶೇಂಗಾಕ್ಕೆ ಶಿಫಾರಸು ಹೆಕ್ಟೇರಿಗೆ 500 ಕಿಲೋ, ಅಂದರೆ ಚದರ ಮೀಟರಿಗೆ 50 ಗ್ರಾಂ. ಮೊದಲಿನ ಲೆಕ್ಕವನ್ನೇ ಇಲ್ಲಿಗೂ ಹಾಕಿದರೆ ಅಷ್ಟನ್ನು ಕರಗಿಸಲು 20 ಲೀಟರ್ ನೀರು ಸಾಕು: 20 ಮಿಲಿಮೀಟರಿನ ಒಂದು ಹದಮಳೆ. ಹೂವು ಬಾಡಿ ಅದರ ದಂಟು ಸೂಜಿಯಂತೆ ಮಣ್ಣಿಗಿಳಿಯುವ ಹೊತ್ತಿಗೆ ಆ ಕ್ಯಾಲ್ಸಿಯಂ ಮೇಲಿನ ಐದಾರು ಸೆಂಟಿಮೀಟರಿನಲ್ಲಿ ಇರಬೇಕು. ಕಾಯಿ ಅದನ್ನು ಬೇರಿನ ಮೂಲಕ ಪಡೆಯದೆ ತನ್ನ ಸಿಪ್ಪೆಯಿಂದಲೇ ಹೀರುತ್ತದೆ. ಬಿತ್ತನೆಯಲ್ಲೇ ಹಾಕಿದರೆ ಮುಂಗಾರಿನ ಎರಡು ಜೋರು ಮಳೆ ಅದನ್ನು ಕೆಳಗಿಳಿಸಿಬಿಡುತ್ತವೆ. ಹೂವಾಡುವಾಗ ಸಾಲಿನ ಬುಡಕ್ಕೆ ಚೆಲ್ಲಿ ಎಡೆಕುಂಟೆ ಹೊಡೆಯುವುದು ಅದಕ್ಕೇ.