1952ರ ಮದರಾಸು: ಮತದಾರರು ಹೇಳಿದ್ದೇನು?

ಚೆನ್ನೈನಲ್ಲಿ ಇಂದು ಕಲೈವಾಣರ್ ಅರಂಗವಿರುವ ಸ್ಥಳದಲ್ಲಿ 1952ರಲ್ಲಿ ಮದರಾಸು ರಾಜ್ಯದ ವಿಧಾನಸಭೆ ಸೇರುತ್ತಿತ್ತು. ತಮಿಳು, ತೆಲುಗು, ಮಲಯಾಳ ಪ್ರದೇಶಗಳವರೊಡನೆ ದಕ್ಷಿಣ ಕನ್ನಡ, ಬಳ್ಳಾರಿಗಳ ಶಾಸಕರೂ ಅಲ್ಲಿ ಕುಳಿತಿದ್ದರು. ಈ ಊರಿನ ಕನ್ನಡಿಗರಾದ ನಾವು ಆ ಸಭೆಯನ್ನು ನಮ್ಮ ಚರಿತ್ರೆಯ ಭಾಗವೆಂದು ನೆನೆಯುವುದು ಅಪರೂಪ.

ವಯಸ್ಕ ಮತಾಧಿಕಾರದ ಆ ಮೊದಲ ಚುನಾವಣೆಯಲ್ಲಿ 375 ಸ್ಥಾನಗಳ ಪೈಕಿ ಕಾಂಗ್ರೆಸ್ಸಿಗೆ ದೊರೆತದ್ದು 152; ಬಹುಮತಕ್ಕೆ 188 ಬೇಕಿತ್ತು. ಮುಖ್ಯಮಂತ್ರಿ ಕುಮಾರಸ್ವಾಮಿ ರಾಜರೇ ಸೋತಿದ್ದರು. 62 ಸ್ಥಾನ ಗೆದ್ದ ಕಮ್ಯುನಿಸ್ಟರನ್ನೂ ಸೇರಿಸಿಕೊಂಡು ಟಿ. ಪ್ರಕಾಶಂ ತಮಗೆ 166 ಸದಸ್ಯರ ಬೆಂಬಲವಿದೆಯೆಂದರು. ರಾಜ್ಯಪಾಲ ಶ್ರೀಪ್ರಕಾಶರು ಮಾತ್ರ ಚುನಾವಣೆಗೇ ನಿಲ್ಲದ ರಾಜಾಜಿಯವರನ್ನು ವಿಧಾನ ಪರಿಷತ್ತಿಗೆ ನಾಮಕರಣ ಮಾಡಿ, ಸರ್ಕಾರ ರಚಿಸಲು ಕರೆದರು. ಆ ನಾಮಕರಣ ನೆಹರೂ ಅವರಿಗೂ ಹಿತವೆನಿಸಲಿಲ್ಲ. ಜುಲೈ 3ರಂದು 200-151 ಮತಗಳಿಂದ ರಾಜಾಜಿ ವಿಶ್ವಾಸ ಗಳಿಸಿದರು. ದಕ್ಷಿಣ ಕನ್ನಡದ ಎ. ಬಿ. ಶೆಟ್ಟಿಯವರು ಆ ಸಂಪುಟದಲ್ಲಿ ಸಚಿವರಾಗಿದ್ದರು.

ಇಷ್ಟಕ್ಕೂ ಮತದಾರರಿಗೆ ಬೇಕಾಗಿದ್ದುದೇನು? ಜನ ಎಡಕ್ಕೆ ವಾಲಿದರೆಂದು ಒಂದು ಪಾಳಯ; ಪಡಿತರದ ಬೇಸರ ಮಾತ್ರವೆಂದು ಇನ್ನೊಂದು. ಆಹಾರಧಾನ್ಯದ ನಿಯಂತ್ರಣವನ್ನು ತೆಗೆದುಹಾಕಿ ರಾಜಾಜಿ ಎರಡನೆಯ ಓದನ್ನೇ ಒಪ್ಪಿದಂತೆ ನಡೆದರು. ಕಾಂಗ್ರೆಸ್ಸಿಗೆ ಬಿದ್ದ ಶೇ. 35ರಷ್ಟು ಮತವನ್ನು ಎಲ್ಲರೂ ಉದ್ಧರಿಸುತ್ತಾರೆ. ಆದರೆ 66 ಕ್ಷೇತ್ರಗಳು ದ್ವಿಸದಸ್ಯ ಕ್ಷೇತ್ರಗಳು. ಅಲ್ಲಿ ಒಬ್ಬೊಬ್ಬರಿಗೂ ಎರಡೆರಡು ಮತ. ಅಂದರೆ ಆ ಶೇಕಡಾ ಲೆಕ್ಕ ಮತಗಳದು, ಮನುಷ್ಯರದಲ್ಲ. ಅಭ್ಯರ್ಥಿಗೊಂದರಂತೆ ಇಟ್ಟ ಪೆಟ್ಟಿಗೆಗಳಲ್ಲಿ ಜನ ಚೀಟಿ ಹಾಕಿ ಹೊರಟರು. ಯಾಕೆಂದು ಯಾರೂ ಬರೆದಿಡಲಿಲ್ಲ.

ಪ್ರದೇಶವಾರು ನೋಡಿದರೆ ಒಂದೇ ಜನಾದೇಶವೆಂಬುದೇ ಕರಗುತ್ತದೆ. ತಮಿಳು ಭಾಗದ 190ರಲ್ಲಿ ಕಾಂಗ್ರೆಸ್ಸಿಗೆ 96, ತೆಲುಗು ಭಾಗದ 143ರಲ್ಲಿ 43, ಮಲಬಾರಿನ 29ರಲ್ಲಿ ನಾಲ್ಕೇ ನಾಲ್ಕು. ತೆಲುಗರು ಪ್ರತ್ಯೇಕ ರಾಜ್ಯವನ್ನು ಬೇಡಿದರೆ, ಮಲಬಾರಿನವರು ಅನ್ನ, ಗೇಣಿಗಳ ಮಾತಾಡಿದರೆ? ಹಾಗೆಂದು ನಮ್ಮ ಊಹೆ. ರಾಜಾಜಿಯವರ ಸಂಖ್ಯಾಬಲಕ್ಕಿಂತ ಈ ಭೂಪಟವೇ ಹೆಚ್ಚು ನಂಬಲರ್ಹ.

ಎಡಕ್ಕೆ ವಾಲಿದರೆಂಬ ವಾದಕ್ಕೆ 1955ರ ಆಂಧ್ರ ಚುನಾವಣೆ ವಿಚಿತ್ರ ತಿರುವು ಕೊಟ್ಟಿತು. ಕಮ್ಯುನಿಸ್ಟರ ಮತ ಸುಮಾರು ಶೇ. 31ಕ್ಕೆ ಏರಿತು, ಗೆದ್ದ ಸ್ಥಾನಗಳು ಮಾತ್ರ 196ರಲ್ಲಿ 15. ಎದುರಾಳಿಗಳು ಈ ಬಾರಿ ಒಂದಾಗಿದ್ದರು. 1952ರಲ್ಲಿ ಅವರ ಗೆಲುವಿನ ಒಂದು ಪಾಲು ಹೀಗೆ ಇತರರ ಒಡಕಿನಿಂದ ಬಂದದ್ದು.

ಅಷ್ಟರಲ್ಲಿ ಸಭೆಯ ಲೆಕ್ಕವೂ ಬದಲಾಗಿತ್ತು. ಪೊಟ್ಟಿ ಶ್ರೀರಾಮುಲು ಉಪವಾಸದಲ್ಲಿ 1952ರ ಡಿಸೆಂಬರ್ 15ರಂದು ಇದೇ ಊರಿನಲ್ಲಿ ತೀರಿಕೊಂಡರು. 1953ರ ಅಕ್ಟೋಬರ್ 1ರಂದು ಆಂಧ್ರ ಬೇರೆಯಾಯಿತು, ಬಳ್ಳಾರಿಯ ಏಳು ತಾಲ್ಲೂಕುಗಳು ಮೈಸೂರಿಗೆ ಸೇರಿದವು. ಮೂರು ವರ್ಷಗಳ ಬಳಿಕ ದಕ್ಷಿಣ ಕನ್ನಡವೂ ಹೋಯಿತು, ಕಾಸರಗೋಡನ್ನು ಕೇರಳಕ್ಕೆ ಬಿಟ್ಟು.