ತಾಮ್ರದ ಹಂಡೆಗೆ ಬೆಸುಗೆ: ಯಾವ ಟಾರ್ಚ್ ಬೇಕು?

ಬಚ್ಚಲೊಲೆಯ ತಾಮ್ರದ ಹಂಡೆ ಅಥವಾ ನೀರಿನ ತೊಟ್ಟಿ ಸೋರತೊಡಗಿದರೆ ಮನೆಯಲ್ಲೇ ಬೆಸುಗೆ ಹಾಕಬಹುದು. ಟಾರ್ಚ್ ಎಂದರೆ ಇಲ್ಲಿ ಉರಿ ಕಾರುವ ಗ್ಯಾಸ್ ಟಾರ್ಚ್, ಸೆಲ್ ಹಾಕುವ ಟಾರ್ಚ್ ಅಲ್ಲ!

ಮೊದಲು ಬೆಸುಗೆ ಯಾವುದೆಂದು ನಿರ್ಧರಿಸಿ. ತವರ-ಸೀಸದ ಮೆದು ಬೆಸುಗೆ ಸುಮಾರು 190 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಹಂಡೆಯಲ್ಲಿ ನೀರಿರುವವರೆಗೆ ತಳ 100 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ನೀರು ಬತ್ತಿದರೆ ಮಾತ್ರ ಬೆಸುಗೆ ಇಳಿದುಹೋಗುತ್ತದೆ. ಆದ್ದರಿಂದ ಒಲೆಯ ಮೇಲಿಡುವ ಪಾತ್ರೆಗೆ ಗಟ್ಟಿ ಬೆಸುಗೆಯೇ (ಬ್ರೇಜಿಂಗ್) ಸರಿ. ಕುಡಿಯುವ ನೀರಿನ ತೊಟ್ಟಿಗಂತೂ ಸೀಸ ಖಂಡಿತ ಬೇಡ. ಒಲೆಗೆ ಇಡದ ತೊಟ್ಟಿಯಾದರೆ ಸೀಸವಿಲ್ಲದ ತವರ ಸಾಕು.

ಗಟ್ಟಿ ಬೆಸುಗೆಗೆ ರಂಜಕ ಬೆರೆತ ತಾಮ್ರದ ಕಡ್ಡಿ ಸುಲಭ. ಸುಮಾರು 700ರಿಂದ 800 ಡಿಗ್ರಿಯಲ್ಲಿ ಹರಿಯುತ್ತದೆ. ತಾಮ್ರಕ್ಕೆ ತಾಮ್ರ ಸೇರಿಸುವಾಗ ಫ್ಲಕ್ಸ್ ಬೇಕಿಲ್ಲ, ಹಿತ್ತಾಳೆಗೆ ಬೇಕು. ಕಬ್ಬಿಣಕ್ಕೆ ಈ ಕಡ್ಡಿ ಬಳಸಬೇಡಿ, ಬೆಸುಗೆ ಪುಡಿಯಾಗಿ ಬಿಡುತ್ತದೆ. ಕ್ಯಾಡ್ಮಿಯಂ ಇರುವ ಬೆಳ್ಳಿ ಕಡ್ಡಿಯ ಹೊಗೆ ವಿಷ.

ಇನ್ನು ಟಾರ್ಚ್. ತಾಮ್ರ ಶಾಖವನ್ನು ಉಕ್ಕಿಗಿಂತ ಹಲವು ಪಟ್ಟು ಬೇಗ ಹರಡುತ್ತದೆ. ನೀವು ಒಂದೆಡೆ ಕಾಯಿಸುತ್ತಿದ್ದರೆ ಅದು ಇಡೀ ಹಂಡೆಗೆ ಹಂಚಿಬಿಡುತ್ತದೆ! ಹಾಗಾಗಿ ಉರಿ ಎಷ್ಟು ಬಿಸಿ ಎನ್ನುವುದಕ್ಕಿಂತ ಎಷ್ಟು ದೊಡ್ಡದು ಎನ್ನುವುದೇ ಮುಖ್ಯ. ಕೈಯಲ್ಲಿ ಹಿಡಿಯುವ ಪುಟ್ಟ ಬ್ಯುಟೇನ್ ಟಾರ್ಚ್ ಸಣ್ಣ ಪೈಪಿಗಷ್ಟೇ ಸರಿ. ಹಂಡೆಗೆ ಅಗಲ ಬಾಯಿಯ ಎಲ್‌ಪಿಜಿ ಟಾರ್ಚ್ ಬೇಕು. ಅಡುಗೆ ಒಲೆಯ ರೆಗ್ಯುಲೇಟರ್ ಅದಕ್ಕೆ ಸಾಲುವಷ್ಟು ಗ್ಯಾಸ್ ಬಿಡುವುದಿಲ್ಲ, ಒತ್ತಡ ಹೊಂದಿಸುವ ರೆಗ್ಯುಲೇಟರ್ ಬೇಕಾಗುತ್ತದೆ. ಸುತ್ತ ಬೆಂಕಿ ಇಟ್ಟಿಗೆ ಇಟ್ಟರೆ ಶಾಖ ಉಳಿಯುತ್ತದೆ. ಒದ್ದೆ ಇಟ್ಟಿಗೆ ಸಿಡಿಯಬಹುದು. ಆಕ್ಸಿ-ಅಸಿಟಿಲೀನ್ ಉರಿ 3,000 ಡಿಗ್ರಿ ದಾಟುತ್ತದೆ, ತಾಮ್ರ ಕರಗುವುದು 1,085ಕ್ಕೆ. ಹೊಸಬರು ತೂತು ಮುಚ್ಚಲು ಹೋಗಿ ದೊಡ್ಡ ತೂತು ಮಾಡುವುದು ಇದರಲ್ಲೇ.

ಹಳೆಯ ಸೀಸದ ಬೆಸುಗೆ ಇದ್ದರೆ ಪೂರ್ತಿ ತೆಗೆಯಿರಿ. ಚೂರು ಉಳಿದರೂ ಗಟ್ಟಿ ಬೆಸುಗೆ ಹಿಡಿಯದು. ಹುಣಸೆಹುಳಿ ಹಚ್ಚಿ ಉಜ್ಜಿ, ತೊಳೆದು, ಒಣಗಿಸಿ. ಕಡ್ಡಿಯನ್ನು ಉರಿಯಲ್ಲಿ ಕರಗಿಸಿ ತೊಟ್ಟಿಕ್ಕಿಸಬೇಡಿ, ಕಾದ ತಾಮ್ರವೇ ಅದನ್ನು ಕರಗಿಸಬೇಕು.

ಮುಚ್ಚಿದ ತೊಟ್ಟಿಯನ್ನು ಎಂದೂ ಕಾಯಿಸಬೇಡಿ! ಒಳಗೆ ಸ್ವಲ್ಪ ನೀರಿದ್ದರೂ ಆವಿಯಾಗಿ ಸಿಡಿದೀತು. ಎಲ್ಲ ಬಾಯಿಗಳೂ ತೆರೆದಿರಲಿ, ಕೆಲಸ ಗಾಳಿಯಾಡುವ ಜಾಗದಲ್ಲಿ ನಡೆಯಲಿ. ಆರಿದ ಮೇಲೆ ನೀರು ತುಂಬಿ ಒಂದು ರಾತ್ರಿ ಬಿಟ್ಟು ನೋಡಿ. ಸೋರಿಕೆ ಪರೀಕ್ಷೆಗೆಂದು ಕಂಪ್ರೆಸರ್‌ನಿಂದ ಗಾಳಿ ತುಂಬುವುದು ಬೇಡ.